ಕೀಲಿ ಹಾಕಿದ ಅರಿಶಿಣದ ಹಾಡು

ಮೊನ್ನೆ ಅಡುಗೆಮನೆಯ ಗೋಡೆಯ ಗೂಡು ಒರೆಸುತ್ತಿದ್ದಾಗ ನಮ್ಮ ಅತ್ತೆಯವರ ಹಾಡಿನ ಡಬ್ಬಿ ಕೈಗೆ ಸಿಕ್ಕಿತು. ಒರೆಸುವ ಕೆಲಸ ಅಲ್ಲಿಗೇ ನಿಂತಿತು. ಇಂಥದನ್ನು ನೀವೂ ನೋಡಿರುತ್ತೀರಿ. ಅಂಗೈಗಿಂತ ತುಸು ದೊಡ್ಡದು, ಕೆಂಪು ಬಣ್ಣ, ಮುಂದೆ ಜಾಳಿಗೆ, ಪಕ್ಕದಲ್ಲಿ ಮೆಮರಿ ಕಾರ್ಡು ತೂರಿಸಲು ಒಂದು ಸೀಳು, ನೆತ್ತಿಯ ಮೇಲೆ ಒಂದು ಬ್ಯಾಟರಿ ದೀಪ. ಅಂಗಡಿಯವರು ಇದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಾರೆ. ನಮ್ಮ ಅಣ್ಣಿಗೇರಿಯ ಓಣಿಯಲ್ಲಿ ಮಾತ್ರ ಇದು ‘ಗಂಗವ್ವನ ಡಬ್ಬಿ’. ಗಂಗವ್ವ ಎಂದರೆ ನಮ್ಮ ಅತ್ತೆ.

ಅತ್ತೆ ಇದಕ್ಕೊಂದು ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಅವರ ಬಾಜೂ ಸಾಲು ಹಿಡಿಯಲು ಹೆಂಗಸರಲ್ಲಿ ಸಣ್ಣ ಜಗಳವೇ ಆಗುತ್ತದೆ. ಹಾಡು ಕೇಳಿಸುವ ಸಾಲಿನಲ್ಲಿ ಕೆಲಸ ಬೇಗ ಸಾಗುತ್ತದಂತೆ. ನಾನು ಒಮ್ಮೆ ಆ ಸಾಲು ಹಿಡಿದು ನೋಡಿದೆ. ಹಾಡು ಚೆನ್ನಾಗಿ ಕೇಳಿಸಿತು, ನನ್ನ ಬುಟ್ಟಿ ಮಾತ್ರ ತುಂಬಲಿಲ್ಲ.

ಇನ್ನು ನನ್ನ ಪರಿಚಯ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಒಂದೇ ಕಾರಣಕ್ಕೆ ಮನೆಯಲ್ಲಿ ವೈರು, ಬಟನ್ನು, ಬ್ಯಾಟರಿ ಇರುವ ವಸ್ತುಗಳೆಲ್ಲ ಕೆಟ್ಟಾಗ ನನ್ನ ಮುಂದೆ ಬಂದು ಕೂಡುತ್ತವೆ. ವಿದ್ಯುತ್ತಿನ ನಿಯಮಗಳನ್ನು ಕಪ್ಪುಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲೆ. ಆದರೆ ಮಿಕ್ಸರಿನ ಪ್ಲಗ್ಗು ಸಡಿಲಾದರೆ ಅದಕ್ಕೆ ರಟ್ಟಿನ ಚೂರು ಸಿಕ್ಕಿಸಿ ಕೈಮುಗಿಯುವುದಷ್ಟೇ ನನಗೆ ಗೊತ್ತು. ಅತ್ತೆಗೆ ಇದು ಇನ್ನೂ ಗೊತ್ತಾಗಿಲ್ಲ. “ನಮ್ಮ ಸುನಂದಾ ಸೈನ್ಸ್ ಟೀಚರ್ ಅದಾಳ್ರಿ” ಎಂದು ಅವರು ಬಂದವರ ಮುಂದೆ ಹೇಳುವಾಗ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ.

ಹಾಡಿಗೂ ಕೀಲಿ ಹಾಕುತ್ತಾರೆ ಎಂಬುದು ನನಗೆ ಚಿಕ್ಕಂದಿನಲ್ಲೇ ತಿಳಿದಿತ್ತು. ನನ್ನ ತವರು ನವಲಗುಂದದ ಕಡೆಯ ಒಂದು ಸಣ್ಣ ಊರು. ಅಲ್ಲಿ ಅಪ್ಪನದೊಂದು ಟೇಪ್ ರಿಕಾರ್ಡರ್ ಇತ್ತು. ಅವ್ವ ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಅಂಗಿ ಹೊಲಿದಿದ್ದಳು. ನನಗೂ ಅಷ್ಟು ಚಂದದ ಅಂಗಿ ಇರಲಿಲ್ಲ. ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳಿರುತ್ತಿದ್ದವು, ನೆನಪಿದೆಯೇ? ಅವನ್ನು ಮುರಿದರೆ ಆಯಿತು, ಅದರ ಮೇಲೆ ಮತ್ತೇನೂ ತುಂಬಲು ಬರುತ್ತಿರಲಿಲ್ಲ. ಅಪ್ಪ ನಮ್ಮ ಕಾಕಾನ ಮದುವೆಯಲ್ಲಿ ಹೆಂಗಸರು ಹಾಡಿದ ಹಾಡುಗಳನ್ನು ತುಂಬಿಸಿಕೊಂಡು, ಕಿವಿ ಮುರಿದು, ನಿಶ್ಚಿಂತರಾಗಿದ್ದರು. ಆ ತೂತುಗಳಿಗೆ ಕಾಗದದ ಉಂಡೆ ತುರುಕಿದರೆ ಕಿವಿ ಮರಳಿ ಬಂದಂತೆಯೇ ಎಂದು ನಮ್ಮಣ್ಣ ಎಲ್ಲಿಂದಲೋ ಕಲಿತು ಬಂದ. ಮುಂದೊಮ್ಮೆ ಬೀಗರು ಬಂದಾಗ ಅಪ್ಪ ಹೆಮ್ಮೆಯಿಂದ ಕ್ಯಾಸೆಟ್ ಹಚ್ಚಿದರು. ಮದುಮಕ್ಕಳಿಗೆ ನೀರೆರೆಯುವ ಸುರಗಿಯ ಹಾಡು ಹಾಡುತ್ತಿದ್ದ ಹೆಂಗಸರು ಥಟ್ಟನೆ ನಿಂತರು, ಅಣ್ಣನ ದನಿ ಎದ್ದಿತು: “ಚೆಂಡು ಗಗನಕ್ಕ ಹಾರೇತಿ! ಕೆಳಗ ಫೀಲ್ಡರ್ ಬಂದು ನಿಂತಾನ, ಕೈ ಚಾಚ್ಯಾನ...” ಅಷ್ಟರಲ್ಲಿ ಕ್ಯಾಸೆಟ್ಟಿನ ಆ ಮಗ್ಗುಲು ಮುಗಿದುಹೋಯಿತು. ಅಪ್ಪನ ಮುಖ ಕೆಂಪಗಾಯಿತು. ಹಿರಿಯ ಬೀಗರು ಮಾತ್ರ ಚಹಾದ ಬಟ್ಟಲನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು, “ಹಿಡದ್ನೋ ಇಲ್ಲೋ?” ಎಂದು ಕೇಳಿದರು. ಅಣ್ಣ ಬಾಗಿಲ ಹಿಂದಿನಿಂದ “ಬಿಟ್ಟಾನ್ರಿ” ಎಂದ. ಬೀಗರು ನಕ್ಕಿದ್ದರಿಂದ ಅವನ ಬೆನ್ನು ಉಳಿಯಿತು.

ಆ ಕಾಲದ ಕೀಲಿ ಕಾಗದದ ಉಂಡೆಗೆ ಬಿಚ್ಚಿಕೊಳ್ಳುತ್ತಿತ್ತು. ಈ ಕಾಲದ್ದು ಹಾಗಲ್ಲ. ಅದನ್ನು ಹೇಳಬೇಕೆಂದರೆ ಹುಸೇನಬಿಯವರಿಂದ ಶುರುಮಾಡಬೇಕು.

ಹುಸೇನಬಿ ನಮ್ಮ ಬಾಜೂ ಮನೆಯವರು. ಅತ್ತೆ ಮದುವೆಯಾಗಿ ಈ ಓಣಿಗೆ ಬಂದ ವರ್ಷವೇ ಅವರೂ ಮದುವೆಯಾಗಿ ಬಂದವರು. ಎರಡೂ ಮನೆಗೆ ಸೇರಿ ಒಂದೇ ಒಳ್ಳೆಯ ಬೀಸುಕಲ್ಲು ಇತ್ತಂತೆ. ಆ ಕಲ್ಲಿನ ಆಚೆ ಒಬ್ಬರು, ಈಚೆ ಒಬ್ಬರು ಕೂತು ಒಂದೇ ಗೂಟ ಹಿಡಿದು ಬೀಸುತ್ತ ಹಾಡು ಕಲಿತರು. ಹಾಡಿನ ಮುಂದಿನದು ಹುಸೇನಬಿಯವರದು, ಹಿಂದಿನದು ಅತ್ತೆಯದು. ಅಂದರೆ ಹುಸೇನಬಿ ನುಡಿ ಎತ್ತಿಕೊಡಬೇಕು, ಅತ್ತೆ ಅದನ್ನು ಹಿಡಿದು ದನಿಗೂಡಿಸಿ ಮುಗಿಸಬೇಕು. ಗಿರಣಿ ಬಂತು, ಕಲ್ಲು ಹಿತ್ತಲು ಸೇರಿತು, ಹಾಡು ಮಾತ್ರ ಉಳಿಯಿತು. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಅರಿಶಿಣದ ದಿನ ಇವರಿಬ್ಬರಿಗೂ ಕರೆ ಬರುತ್ತಿತ್ತು. ಒಬ್ಬರನ್ನೇ ಕರೆದು ಉಪಯೋಗವಿರಲಿಲ್ಲ. ಅತ್ತೆ ಇಷ್ಟು ವರ್ಷಗಳಲ್ಲಿ ಒಂದು ಹಾಡಿನ ಮುಂದಿನದನ್ನೂ ಹಾಡಿದವರಲ್ಲ. “ಮುಂದಿಂದು ಅಕಿದು. ನಾ ಯಾಕ ಕಲೀಲಿ?” ಎನ್ನುತ್ತಿದ್ದರು.

ಹೀಗಿರುವಾಗ ಹುಬ್ಬಳ್ಳಿಯಿಂದ ಹಳೆಯ ಹಾಡುಗಳನ್ನು ಕೂಡಿಸುವವರೊಬ್ಬರು ಹುಡುಕಿಕೊಂಡು ಬಂದರು. ಬಹಳ ಸಂಭಾವಿತ ಮನುಷ್ಯ. ಇಬ್ಬರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದರು, ಜೊತೆಗೆ ನಾನೂ ಹೋದೆ. ಗೋಡೆಗೆಲ್ಲ ಮೆತ್ತನೆಯ ಹೊದಿಕೆ ಬಡಿದ ಒಂದು ಸಣ್ಣ ಖೋಲಿಯಲ್ಲಿ ಕೂಡಿಸಿದರು. ಅತ್ತೆ ಸುತ್ತ ನೋಡಿ, “ಗ್ವಾಡಿಗೆ ಯಾಕ ಗಾದಿ ಹೊಚ್ಚ್ಯಾರ? ಥಂಡಿ ಏನು ಅದಕ್ಕ?” ಎಂದರು. ಸಪ್ಪಳವಾಗುತ್ತದೆಂದು ಫ್ಯಾನು ನಿಲ್ಲಿಸಿದರು. ಮೈಕು ಮುಂದೆ ಬಂತು. ಆದರೆ ಹಾಡು ಬರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು.

“ಕಲ್ಲಿಲ್ದ ಹೊರಡವಲ್ದು” ಎಂದರು ಹುಸೇನಬಿ.

ಕೊನೆಗೆ ಒಂದು ಸ್ಟೂಲನ್ನು ತಲೆಕೆಳಗು ಮಾಡಿ ನಡುವೆ ಇಟ್ಟರು. ಇಬ್ಬರೂ ಅದರ ಒಂದು ಕಾಲು ಹಿಡಿದು ಜಮಖಾನೆಯ ಮೇಲೆ ಗರಗರ ತಿರುವಿದರು. ಹಾಡು ಹೊರಟಿತು. ಅದರ ಜೊತೆಗೆ ಬಳೆಗಳ ಸಪ್ಪಳವೂ ಹೊರಟಿತು.

“ಬಳಿ ಸ್ವಲ್ಪ ತೆಗೆದಿಡ್ತೀರೇನ್ರಿ?” ಎಂದು ಆ ಸಂಭಾವಿತರು ಅಂಜುತ್ತ ಕೇಳಿದರು.

“ನನ್ನ ಗಂಡ ಇನ್ನ ಗಟ್ಟಿಮುಟ್ಟ ಅದಾನಪಾ, ಬಳಿ ಯಾಕ ತಗೀಲಿ?” ಎಂದರು ಅತ್ತೆ. ಹುಸೇನಬಿ “ನನ್ನಾಂವನೂ” ಎಂದರು. ಕೊನೆಗೆ ಆ ಸಂಭಾವಿತರ ಕರವಸ್ತ್ರವೂ ನನ್ನದೂ ಬಳೆಗಳಿಗೆ ಸುತ್ತಿಕೊಂಡವು. ಆಮೇಲೆ ಇಬ್ಬರೂ ಊಟದ ಹೊತ್ತಿನವರೆಗೆ ಬೆವರು ಸುರಿಸುತ್ತ, ಸ್ಟೂಲಿನಲ್ಲಿ ಗಾಳಿ ಬೀಸುತ್ತ ಹಾಡಿದರು. ಅರಿಶಿಣದ ಹಾಡನ್ನು ಕೊನೆಗೆ ಹಾಡಿದರು. ಅದು ಮುಗಿದಾಗ ಆ ಸಂಭಾವಿತರು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆಯುವುದನ್ನೇ ಮರೆತು ಕೂತಿದ್ದರು.

ಕೆಲವು ತಿಂಗಳಾದ ಮೇಲೆ ಹಾಡುಗಳು ಒಂದು ಆ್ಯಪಿನಲ್ಲಿ ಬಂದವು. ಚಂದಾ ಕಟ್ಟಿ ನನ್ನ ಫೋನಿನಲ್ಲಿ ಇಳಿಸಿಕೊಂಡು ಅತ್ತೆಗೆ ಕೇಳಿಸಿದೆ. ಅವರು ಮೊದಲು ಹೇಳಿದ್ದು, “ನಾ ಹಿಂಗ ಮೂಗಿಲೆ ಹಾಡ್ತೇನೇನು?” ಎರಡನೆಯದು, “ಇದನ್ನ ನನ್ನ ಡಬ್ಬ್ಯಾಗ ಹಾಕಿ ಕೊಡು.”

ನಾನು ಒಪ್ಪಿಬಿಟ್ಟೆ. ಸೈನ್ಸ್ ಟೀಚರ್ ಅಲ್ಲವೇ! ಫೋನಿನೊಳಗೆ ಹುಡುಕಿದರೆ ಹಾಡಿನ ಹೆಸರೇ ಇಲ್ಲ. ಅಕ್ಷರ, ಅಂಕಿ ಕಲಸಿದ ಉದ್ದುದ್ದ ಹೆಸರಿನ ಏನೇನೋ ಗಂಟುಗಳಿದ್ದವು. ಇವೇ ಇರಬೇಕೆಂದು ಎಲ್ಲವನ್ನೂ ಕಾರ್ಡಿಗೆ ಸಾಗಿಸಿ ಡಬ್ಬಿಗೆ ಹಾಕಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಡಬ್ಬಿ ಒಮ್ಮೆ ಕೆಮ್ಮಿ, ಆ ಗಂಟುಗಳನ್ನೆಲ್ಲ ಹಾರಿಸಿಕೊಂಡು, ಕಾರ್ಡಿನಲ್ಲಿ ಮೊದಲೇ ಇದ್ದ ಯಾವುದೋ ಡೊಳ್ಳಿನ ಹಾಡಿಗೆ ಹೋಗಿ ನಿಂತಿತು. ಮತ್ತೆ ಹಿಂದಕ್ಕೆ ತಿರುಗಿಸಿದೆ, ಮತ್ತೆ ಹಾರಿತು.

“ಮಂದಿ ಹಾಡೆಲ್ಲ ಹಾಡ್ತೈತಿ, ನನ್ನ ಹಾಡು ಬಂದ ಕೂಡ್ಲೆ ಕಾಲ್ವಿ ಜಿಗದಂಗ ಜಿಗೀತೈತಲ್ಲ! ಏನಾತು ಇದಕ್ಕ?”

“ಅತ್ತೀ, ಅದಕ್ಕ ಕೀಲಿ ಹಾಕ್ಯಾರ್ರಿ. ಆ ಆ್ಯಪ್ ಬಿಟ್ಟು ಬ್ಯಾರೆ ಎಲ್ಲೂ ಹಾಡಂಗಿಲ್ರಿ.”

“ಹಾಡು ಯಾರದು?”

“ನಿಮ್ಮದ್ರಿ.”

“ಕೀಲಿ ಯಾರದು?”

ಆ ಪ್ರಶ್ನೆಯನ್ನು ನಾನು ಆ ಸಂಭಾವಿತರಿಗೇ ಫೋನು ಮಾಡಿ ಕೇಳಿದೆ. ಪಾಪ, ಅವರು ನನಗಿಂತ ಹೆಚ್ಚು ಪೇಚಾಡಿದರು. “ಟೀಚರ್ರ, ನನ್ನ ಕೈಯಾಗ ಏನೂ ಇಲ್ರಿ. ಯಾರೂ ಕದ್ದು ಹಂಚಬಾರದಂತ ಮ್ಯಾಲಿನವ್ರು ಎಲ್ಲಾ ಹಾಡಿಗೂ ಹಂಗ ಕೀಲಿ ಹಾಕ್ತಾರ” ಎಂದರು. ಅತ್ತೆಗೆ ಹೇಳಿದೆ. ಅವರು ಜಂತಿಯ ಕಡೆ ಒಮ್ಮೆ ನೋಡಿ, “ನಮ್ಮ ಹಾಡನ್ನ ನಾವ ಕದಿಯೂದೇನು? ಅವ್ರಿಗೆ ತಲಿ ನೆಟ್ಟಗಿಲ್ಲ” ಎಂದು ತೀರ್ಪು ಕೊಟ್ಟು ಹಿಟ್ಟು ನಾದಲು ಹೋದರು. ವಿಷಯ ಅಷ್ಟಕ್ಕೇ ಮುಗಿಯುತ್ತಿತ್ತೇನೋ.

ಆದರೆ ಅದರ ನಡುವೆ ಹುಸೇನಬಿಯವರ ಮಗ ಕಲಘಟಗಿ ತಾಲೂಕಿನ ದುಮ್ಮವಾಡದ ಹತ್ತಿರ ಹೊಲ ಹಿಡಿದು, ಅಲ್ಲಿಯೇ ಹೊಲದ ಮನೆ ಕಟ್ಟಿಸಿ, ತಂದೆ ತಾಯಿಯನ್ನು ಕರೆದುಕೊಂಡು ಹೋದ. ಹೋಗುವಾಗ ಅತ್ತೆ ಗೆಳತಿಗೂ ತಮ್ಮದೇ ನಮೂನೆಯ ಕೆಂಪು ಡಬ್ಬಿ ಕೊಡಿಸಿದರು. ಅಲ್ಲಿಗೆ ಹೋದ ಮೇಲೆ ಹುಸೇನಬಿಯವರ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ದೇವರು ದೊಡ್ಡವನು, ಅದು ಕೆಟ್ಟ ಗಂಟಾಗಿರಲಿಲ್ಲ. ಜೀವಕ್ಕೆ ಏನೂ ಆಗಲಿಲ್ಲ. ದನಿ ಮಾತ್ರ ಹೋಯಿತು. ಕಿವಿಯ ಹತ್ತಿರ ಬಾಯಿ ತಂದು ಮಾತಾಡಿದರೆ ಗಾಳಿಯಂಥ ಪಿಸುಗು ಕೇಳಿಸುತ್ತಿತ್ತು, ಅಷ್ಟೇ. ಅತ್ತೆ ಹೋಗಿ ನೋಡಿಕೊಂಡು ಬಂದು, ಎರಡು ದಿನ ಡಬ್ಬಿ ಹಚ್ಚಲಿಲ್ಲ.

ಆಮೇಲೆ ಒಂದು ದಿನ ದುಮ್ಮವಾಡದಿಂದ ಫೋನು ಬಂತು. ಹುಸೇನಬಿಯವರ ಮೊಮ್ಮಗಳು ರೇಷ್ಮಾ ಮಾತಾಡುತ್ತಿದ್ದಳು. ಮಾತು ಅಜ್ಜಿಯದು, ದನಿ ಅವಳದು. ಅಜ್ಜಿ ಪಿಸುಗುಟ್ಟುವುದು, ಮೊಮ್ಮಗಳು ಗಟ್ಟಿಯಾಗಿ ಹೇಳುವುದು. ಅಜ್ಜಿಗೆ ಅವಳು ‘ದಾದಿ’ ಎನ್ನುತ್ತಾಳೆ.

“ದಾದಿ ಹೇಳಾಕತ್ತಾಳ್ರಿ, ಗಂಗವ್ವ, ಆರಾಮ ಅದೀಯಿಲ್ಲೋ ಬೇ... ಇದು ನಾ ಅನ್ನೂದಲ್ರಿ ಅಜ್ಜೀ, ದಾದಿ ಬೇ ಅಂದಾಳ್ರಿ.”

“ಗೊತ್ತಾತು, ಹೇಳು” ಎಂದರು ಅತ್ತೆ ನಗುತ್ತ.

“ದಾದಿ ಹೇಳ್ತಾಳ್ರಿ... ಲಗ್ನ ಗಟ್ಟಿ ಆಗೇತಿ ಅಂತ್ರಿ.”

“ಯಾರದ?”

ಅತ್ತಲಿಂದ ಬಹಳ ಸಣ್ಣ ದನಿಯಲ್ಲಿ, “ನಂದ್ರಿ.”

ಅತ್ತೆ ಫೋನು ಹಿಡಿದುಕೊಂಡೇ ಎದ್ದು ನಿಂತರು. ಒಂದಿಷ್ಟು ಹರಕೆ, ಒಂದಿಷ್ಟು ಚೇಷ್ಟೆ ಮುಗಿದ ಮೇಲೆ ರೇಷ್ಮಾ ಅಜ್ಜಿಯ ಕಡೆಯ ಮಾತನ್ನು ಹೇಳಿದಳು: “ದಾದಿ ಅಂತಾಳ್ರಿ, ಹುಡುಗಿ ಅರಿಶಿಣಕ್ಕ ನನ್ನ ಬಾಯಿಲೆ ಹಾಡು ಬರಂಗಿಲ್ಲ. ಹುಬ್ಬಳ್ಳ್ಯಾಗ ಹಾಡಿದ್ದು ಐತೆಲ್ಲ, ಅದನ್ನ ನನ್ನ ಡಬ್ಬಿಗೆ ಕಾರ್ಡಿನಾಗ ತುಂಬಿ ತಾ ಅಂತ ಗಂಗವ್ವಗ ಹೇಳು. ಹುಡುಗಿ ನನ್ನ ದನಿಯಾಗ ಅರಿಶಿಣ ಹಚ್ಚಿಸ್ಕೊಳ್ಳಿ ಅಂತಾಳ್ರಿ.”

ಅತ್ತೆ ಫೋನು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಚಹಾ ಮಾಡಲು ಹೊರಟೆ. “ಚಾ ಆಮ್ಯಾಲ ಮಾಡೀಯಂತ, ಇಲ್ಲಿ ಬಾ” ಎಂದರು.

ಒಂದು ಉಪಾಯ ಹೊಳೆಯಿತು. ಡಬ್ಬಿಯಲ್ಲಿ ದನಿ ತುಂಬಿಕೊಳ್ಳುವ ಬಟನ್ನೂ ಇತ್ತು. ಫೋನಿನಲ್ಲಿ ಹಾಡು ಹಚ್ಚಿ, ಮುಂದೆ ಡಬ್ಬಿ ಇಟ್ಟು ಆ ಬಟನ್ನು ಒತ್ತಿದೆ. ಎಲ್ಲರಿಗೂ ಬಾಯಿಮುಚ್ಚಿಕೊಂಡಿರಲು ತಾಕೀತು ಮಾಡಿದ್ದೆ. ಹಾಡು ಅರ್ಧಕ್ಕೆ ಬಂದಾಗ ಒಲೆಯ ಮೇಲಿದ್ದ ಕುಕ್ಕರ್ ಸೀಟಿ ಹೊಡೆಯಿತು. ಅದನ್ನು ಆರಿಸಲು ಓಡುವಾಗ ನನ್ನ ಕಾಲಿಗೆ ತಂಬಿಗೆ ತಾಗಿ ಉರುಳಿತು. ಏನೋ ಬಿದ್ದ ಸಪ್ಪಳ ಕೇಳಿ ಮಾವನವರು ಪಡಸಾಲೆಯಿಂದ, “ಬೆಕ್ಕ ಬಂದೈತಿ ನೋಡ್ರಿ, ಹಾಲ ಮುಚ್ಚ್ರಿ!” ಎಂದು ಕೂಗಿದರು. ಇದೆಲ್ಲವೂ ಡಬ್ಬಿಯಲ್ಲಿ ಬಲು ಸ್ಪಷ್ಟವಾಗಿ ಬಂತು. ಹಾಡು ಮಾತ್ರ ಬಾವಿಯ ತಳದಿಂದ ಯಾರೋ ಕರೆದ ಹಾಗಿತ್ತು. ಮತ್ತೊಮ್ಮೆ, ಮಗದೊಮ್ಮೆ ಮಾಡಿದರೂ ಬಾವಿ ತುಂಬಲಿಲ್ಲ. ರೇಷ್ಮಾ ಮತ್ತೆ ಫೋನು ಮಾಡಿದಾಗ ಅದನ್ನೇ ಕೇಳಿಸಿದೆ. ಅಜ್ಜಿಯ ಪಿಸುಗು, ಮೊಮ್ಮಗಳ ನಗು: “ದಾದಿ ಹೇಳ್ತಾಳ್ರಿ, ನನಗಿಂತ ನಿಮ್ಮ ಕುಕ್ಕರ್ ಚಲೋ ಹಾಡೈತಿ ಅಂತ್ರಿ.”

“ಡಬ್ಬಿ ಯಾಕ ಬೇಕು? ಫೋನ ತಗೊಂಡು ಹೋಗೂಣು. ಅದರಾಗ ಇಳಿಸಿಟ್ಟೀದಿಲ್ಲೋ?” ಎಂದರು ನನ್ನ ಗಂಡ. ಇವರು ಕಾಳಿನ ವ್ಯಾಪಾರದವರು. ಚೀಲ ಬಿಚ್ಚಲು ಬರದಿದ್ದರೆ ಚೀಲ ಸಮೇತ ಹೊತ್ತುಕೊಂಡು ಹೋಗಬೇಕೆನ್ನುವುದು ಇವರ ಪದ್ಧತಿ. ನನಗೂ ಅದು ಸರಿ ಕಂಡಿತು. ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಅರಿಶಿಣದ ದಿನ ಬೆಳಗ್ಗೆ ಮಾವನವರನ್ನು ಮನೆ ಕಾಯಲು ಬಿಟ್ಟು ನಾವು ಮೂವರೂ ಬಸ್ಸು ಹತ್ತಿದೆವು. ಹುಬ್ಬಳ್ಳಿ ದಾಟಿ ಕಲಘಟಗಿಯ ಕಡೆ ಹೊರಳಿದರೆ ನಮ್ಮ ಕರಿ ನೆಲ ಮುಗಿದು ಮಣ್ಣು ಕೆಂಪಾಗುತ್ತದೆ, ಭತ್ತದ ಗದ್ದೆಗಳು ಶುರುವಾಗುತ್ತವೆ. ಅತ್ತೆ ಕಿಟಕಿಯಿಂದ ನೋಡುತ್ತ, “ಇಷ್ಟ ಹಸರ ಇಟ್ಕೊಂಡು ಇವ್ರು ಏನ ಮಾಡ್ತಾರ?” ಎಂದರು.

ಹೊಲದ ಮನೆ ಒಂದು ತಗ್ಗಿನಲ್ಲಿತ್ತು, ಮೂರು ಕಡೆ ಏರು. ಅಂಗಳದ ತುಂಬ ಹೆಂಗಸರು. ರೇಷ್ಮಾ ಹಳದಿ ಸಲ್ವಾರಿನಲ್ಲಿ ಚೌಕಿಯ ಮೇಲೆ ಕೂತಿದ್ದಳು, ನೆತ್ತಿಯ ಮೇಲೆ ನಾಲ್ಕು ಜನ ಒಂದು ಓಢಣಿಯನ್ನು ಚಪ್ಪರದಂತೆ ಹಿಡಿದಿದ್ದರು. ಹುಸೇನಬಿ ಬಂದು ಅತ್ತೆಯನ್ನು ತಬ್ಬಿಕೊಂಡರು. ಮಾತಿಲ್ಲದ ಕಾರಣಕ್ಕೋ ಏನೋ, ಬಹಳ ಹೊತ್ತು ಬಿಡಲೇ ಇಲ್ಲ. ಹಿತ್ತಾಳೆಯ ಬಟ್ಟಲಲ್ಲಿ ಅರಿಶಿಣ ಕಲಸಿಟ್ಟಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಭೀರವಾಗಿ ಫೋನು ತೆಗೆದು ಹಾಡಿನ ಮೇಲೆ ಬೆರಳಿಟ್ಟೆ.

‘ನಿಮ್ಮ ಚಂದಾ ಪರಿಶೀಲಿಸಲು ಇಂಟರ್ನೆಟ್‌ಗೆ ಸಂಪರ್ಕಿಸಿ’ ಎಂದು ಬಂತು.

ಮತ್ತೆ ಒತ್ತಿದೆ, ಮತ್ತೆ ಅದೇ. ಹಿಂದಿನ ಸಲ ಚಂದಾ ಪರಿಶೀಲಿಸಿ ಬಹಳ ದಿನವಾಗಿದ್ದರಿಂದ ಆ್ಯಪಿಗೆ ನನ್ನ ಮೇಲೆ ಸಂಶಯ ಬಂದಿತ್ತು. ಯಜಮಾನರನ್ನು ಕೇಳಿ ಬಾ ಎನ್ನುತ್ತಿತ್ತು. ಕೇಳಲು ಆ ತಗ್ಗಿನಲ್ಲಿ ನೆಟ್‌ವರ್ಕಿನ ಒಂದು ಗೆರೆಯೂ ಇರಲಿಲ್ಲ. ಫೋನನ್ನು ಎತ್ತಿ ಹಿಡಿದೆ, ಗೋಡೆಗೆ ಹಚ್ಚಿದೆ, ಬಾವಿಕಟ್ಟೆ ಹತ್ತಿದೆ. ನನ್ನ ಗಂಡ ಮನೆಯ ಮಾಳಿಗೆ ಹತ್ತಿ ನಾಲ್ಕೂ ಮೂಲೆಗೆ ಹೋಗಿ ಬಂದರು.

“ಇಲ್ಲಿ ಬರಂಗಿಲ್ರಿ ಟೀಚರ್, ಕೆರಿ ಏರಿ ಮ್ಯಾಲ ಬರ್ತೈತಿ. ನಾವು ಯಾರಿಗರ ಮಾತಾಡೂದಿದ್ರ ಅಲ್ಲೇ ಹೋಗ್ತೇವಿ” ಎಂದಳು ರೇಷ್ಮಾ. ‘ಯಾರಿಗರ’ ಎಂದರೆ ಯಾರು ಎಂದು ಹೆಂಗಸರಿಗೆಲ್ಲ ಅರ್ಥವಾಗಿ ದೊಡ್ಡ ನಗೆ ಎದ್ದಿತು.

ನಾನು ನಗಲಿಲ್ಲ. ಹುಸೇನಬಿ ಫೋನನ್ನು ಕೈಗೆ ತೆಗೆದುಕೊಂಡು, ಕತ್ತಲೆಯ ಆ ಗಾಜನ್ನು ಸೆರಗಿನಿಂದ ಒರೆಸಿ, ಕಿವಿಗೆ ಹಿಡಿದು ನೋಡಿದರು. ಒಳಗೆ ತಮ್ಮ ದನಿ ಇದೆ ಎಂದು ಅವರಿಗೆ ಗೊತ್ತಿತ್ತು. ಅತ್ತೆ ಹಾಡಲು ಹೋಗಿ ನಿಲ್ಲಿಸಿದರು. ಮುಂದಿನದು ಅವರಿಗೆ ಬಾಯಿಗೆ ಬರಲಿಲ್ಲ.

“ನಡೀರಿ, ಕೆರಿ ಏರಿಗೇ ಹೋಗೂಣು” ಎಂದರು ಅತ್ತೆ ಥಟ್ಟನೆ.

ಬಂಧುಗಳಲ್ಲಿ ಒಬ್ಬ ಹಿರಿಯ ಹೆಂಗಸು ತಡೆದರು. “ಅರಿಶಿಣ ಹಚ್ಚಿದ ಹುಡುಗಿ ಹೊಸ್ತಿಲ ದಾಟಬಾರ್ದವಾ.”

ಹುಸೇನಬಿ ರೇಷ್ಮಾಳ ಕಿವಿಗೆ ಬಾಗಿದರು. ರೇಷ್ಮಾ ಗಟ್ಟಿಯಾಗಿ ಹೇಳಿದಳು: “ದಾದಿ ಅಂತಾಳ್ರಿ, ಇನ್ನ ಹಚ್ಚಿಲ್ಲಲ್ಲ!”

ಅಂಗಳ ಎದ್ದು ನಿಂತಿತು. ಒಬ್ಬಳು ಚೌಕಿ ಹೊತ್ತಳು, ಒಬ್ಬಳು ಚಾಪೆ, ಒಬ್ಬಳು ಅರಿಶಿಣದ ಬಟ್ಟಲು. ಓಢಣಿಯ ಚಪ್ಪರ ಹಿಡಿದವರು ಅದನ್ನು ಇಳಿಸಲು ಒಪ್ಪದೆ ರೇಷ್ಮಾಳ ನೆತ್ತಿಯ ಮೇಲೆ ಹಿಡಿದುಕೊಂಡೇ ಗದ್ದೆಯ ಬದುವಿನ ಮೇಲೆ ನಡೆದರು. ಬದು ಕಿರಿದು, ನಾಲ್ವರು ಅಗಲ. ಎರಡು ಸಲ ಚಪ್ಪರದ ಒಂದು ಮೂಲೆ ಭತ್ತದೊಳಗೆ ಇಳಿದು ಕೆಸರಾಗಿ ಮೇಲೆ ಬಂತು. ಬೆಳ್ಳಕ್ಕಿಗಳು ಹಾರಿದವು. ಟ್ರ್ಯಾಕ್ಟರಿನವನೊಬ್ಬ ಗಾಡಿ ನಿಲ್ಲಿಸಿ, “ಎತ್ತಾಗ ಹೊಂಟೀರಿ?” ಎಂದು ಕೇಳಿದ. “ಹಾಡು ಬಿಡಿಸ್ಕೊಂಡ ಬರಾಕ” ಎಂದರು ಅತ್ತೆ. ಅವನು ಅರ್ಥವಾದವನಂತೆ ತಲೆಯಾಡಿಸಿದ.

ಏರಿಯ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಕೆರೆಯಲ್ಲಿ ಎಮ್ಮೆಗಳು ಮೂಗಷ್ಟೇ ಮೇಲಿಟ್ಟುಕೊಂಡು ಬಿದ್ದಿದ್ದವು. ಚೌಕಿ ಇಟ್ಟರು, ರೇಷ್ಮಾ ಕೂತಳು, ಬಾಜೂ ಹುಸೇನಬಿ, ಅವರ ಬಾಜೂ ಅತ್ತೆ. ನಾನು ಕೈಯೆತ್ತಿ ಫೋನು ಹಿಡಿದೆ. ಒಂದು ಗೆರೆ ಬಂತು, ಹೋಯಿತು, ಎರಡು ಬಂದವು. ಸುತ್ತುವ ಚಕ್ರ ಸುತ್ತಿತು. ಆಮೇಲೆ ಫೋನಿನೊಳಗಿನಿಂದ ಸ್ಟೂಲು ಗರಗರ ತಿರುಗಿದ ಸದ್ದು, ಅದರ ಹಿಂದೆಯೇ ಹುಸೇನಬಿಯವರ ದನಿ ಎದ್ದಿತು.

ಆ ದನಿಯನ್ನು ಹೇಗೆ ಹೇಳಲಿ? ಹೊಸ ಕಂಬಳಿಯಂತೆ ತುಸು ಒರಟು, ಹೊದ್ದುಕೊಂಡರೆ ಬೆಚ್ಚಗೆ. ರೇಷ್ಮಾ ಅಲ್ಲಿಯವರೆಗೆ ನಗುತ್ತಿದ್ದವಳು, “ದಾದೀ...” ಎಂದವಳೇ ಅಜ್ಜಿಯ ಮೊಣಕಾಲಿಗೆ ಮುಖ ಒತ್ತಿಕೊಂಡಳು. ಹುಸೇನಬಿ ಅಳಲಿಲ್ಲ. ಮೊದಲು ಬೆರಗಾದರು. ಪಕ್ಕದ ಮನೆಯಲ್ಲಿ ಯಾರೋ ಚೆನ್ನಾಗಿ ಹಾಡುತ್ತಿದ್ದಾರೆ ಎನ್ನುವಂತೆ ತಲೆ ಓರೆ ಮಾಡಿ ಕೇಳಿದರು. ಆಮೇಲೆ ಬಟ್ಟಲಿಗೆ ಬೆರಳದ್ದಿ ಮೊಮ್ಮಗಳ ಕೆನ್ನೆಗೆ ಅರಿಶಿಣ ಹಚ್ಚಿದರು. ಹಾಡಿನಲ್ಲಿ ಹಿಂದಿನದು ಬಂತು. ಫೋನಿನ ಗಂಗವ್ವನ ಜೊತೆ ನಮ್ಮ ಗಂಗವ್ವನೂ ದನಿಯೆತ್ತಿದರು. ಹೆಂಗಸರು ಒಬ್ಬೊಬ್ಬರಾಗಿ ಅರಿಶಿಣ ಹಚ್ಚಿದರು. ಹಾಡು ಮುಗಿದರೆ ಮತ್ತೆ ಹಚ್ಚು ಎನ್ನುತ್ತಿದ್ದರು. ನನ್ನ ಕೈ ಸೋತಿತು. ನನ್ನ ಗಂಡ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತವರು, ಬಂದು ಫೋನು ಹಿಡಿದುಕೊಂಡು ಮತ್ತೆ ಬೆನ್ನು ತಿರುಗಿಸಿದರು. ಅವರ ಕೆನ್ನೆಗೂ ಯಾರೋ ಅರಿಶಿಣ ಮೆತ್ತಿದರು.

ಎಲ್ಲ ಮುಗಿಯಿತು ಎನ್ನುವಾಗ ಹುಸೇನಬಿ ಅತ್ತೆಯ ಕಿವಿ ಹಿಡಿದು ತಮ್ಮ ಬಾಯಿಯ ಹತ್ತಿರ ಎಳೆದುಕೊಂಡರು. ಏನೋ ಹೇಳಿದರು. ಅತ್ತೆ ಗಾಬರಿಯಾಗಿ ಹಿಂದೆ ಸರಿದರು.

“ಮುಂದಿಂದು ನಾ ಎಂದರ ಹಾಡೇನೇನ ಬೇ? ನನ್ನ ಕೈಲೆ ಆಗಂಗಿಲ್ಲ.”

ಹುಸೇನಬಿ ಬಿಡಲಿಲ್ಲ. ಅತ್ತೆಯ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಚಾಪೆಯ ಮೇಲೆ, ಇಲ್ಲದ ಕಲ್ಲಿನ ಗೂಟ ಹಿಡಿದವರಂತೆ ತಿರುವತೊಡಗಿದರು. ಅತ್ತೆ ಕಣ್ಣು ಮುಚ್ಚಿದರು. ಮೊದಲ ಸಲ ದನಿ ಒಡೆಯಿತು, ಎರಡನೆಯ ಸಲ ಬಂತು. ಅಲ್ಲಿಯೇ ಆಗಷ್ಟೇ ಹುಸೇನಬಿ ಕಟ್ಟಿದ ನುಡಿ:

ಹಾಡ ನಮ್ಮದವ್ವ, ಕೀಲಿಕೈ ಯಾರದ?
ಗೂಡಾಗ ಇಟ್ಟಾರ ದನಿಹಕ್ಕಿ, ಬಿಡಿಸಾಕ
ಮೋಡಕ್ಕ ಕೈಮಾಡಿ ಕರದೇವ.

ಮುಂದಿನದು ಅತ್ತೆಯ ಬಾಯಲ್ಲಿ ನಿಂತಿದ್ದೇ ತಡ, ಹಿಂದಿನದನ್ನು ಏರಿಯ ಮೇಲಿದ್ದ ಹೆಂಗಸರೆಲ್ಲ ಎತ್ತಿಕೊಂಡರು. ಕೆರೆಯಲ್ಲಿದ್ದ ಎಮ್ಮೆಗಳು ಒಟ್ಟಿಗೇ ಈ ಕಡೆ ಕತ್ತು ತಿರುಗಿಸಿದವು. ಹುಸೇನಬಿ ದನಿಯಿ‌ಲ್ಲದೆ ಬಾಯಿ ತೆರೆದು ನಗುತ್ತಿದ್ದರು. ಮತ್ತೊಂದು ನುಡಿ ಕಟ್ಟಿ ಕಿವಿಗೆ ಹೇಳಿದರು, ಅತ್ತೆ ಹಾಡಿದರು. ಮತ್ತೊಂದು. ಅದರಲ್ಲಿ ಮದುಮಗನ ಮೀಸೆಯ ವಿಷಯವೂ ಬಂತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಬಸ್ಸು ಒಂದು ತಗ್ಗಿನಲ್ಲಿ ಸಾಗುವಾಗ ಸುಮ್ಮನೆ ಫೋನು ತೆಗೆದು ನೋಡಿದೆ. ನೆಟ್‌ವರ್ಕ್ ಇರಲಿಲ್ಲ. ಯಾವ ಆಸೆಯೂ ಇಲ್ಲದೆ ಆ ಹಾಡಿನ ಮೇಲೆ ಬೆರಳಿಟ್ಟೆ. ಹಾಡು ಥಟ್ಟನೆ ಶುರುವಾಯಿತು! ಆಗ ನನ್ನ ವಿಜ್ಞಾನದ ತಲೆಗೆ ಹೊಳೆಯಿತು. ಏರಿಯ ಮೇಲೆ ಒಮ್ಮೆ ಪರಿಶೀಲನೆ ಆಗಿಹೋಗಿತ್ತು. ಕೀಲಿ ತೆರೆದಿತ್ತು. ನಾನೊಬ್ಬಳೇ ಹೋಗಿ ಫೋನು ತೋರಿಸಿ ಬಂದಿದ್ದರೆ ಸಾಕಿತ್ತು, ಅಂಗಳದಲ್ಲೇ ಕೂತು ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಚೌಕಿ ಹೊರುವುದು, ಚಪ್ಪರ ಕೆಸರಾಗುವುದು, ಯಾವುದೂ ಬೇಕಿರಲಿಲ್ಲ.

ಬಹಳ ಅಂಜುತ್ತ ಅತ್ತೆಗೆ ಹೇಳಿದೆ. ನನ್ನ ಗಂಡ ಮುಂದಿನ ಸೀಟಿನಿಂದ ತಿರುಗಿ, ಅರಿಶಿಣದ ಕೆನ್ನೆಯಲ್ಲಿ ಬಸ್ಸಿಗೆಲ್ಲ ಕೇಳುವಂತೆ ನಕ್ಕರು. ಅತ್ತೆ ನಗಲಿಲ್ಲ.

“ಸುಮ್ಮನಿರವಾ” ಎಂದರು. “ಅಂಗಳದಾಗ ಹಾಡಿದ್ರ ಕುಂತು ಕೇಳಿ, ಉಂಡು, ಎದ್ದು ಬರ್ತಿದ್ವಿ. ನಾ ಮುಂದಿಂದು ಹಾಡೂದು ಎಲ್ಲಿ ಇತ್ತು?”

ಕಿಟಕಿಯ ಕಡೆ ತಿರುಗಿ ಅವರು ಏರಿಯ ಮೇಲಿನ ಆ ನುಡಿಯನ್ನು ಮತ್ತೆ ಎತ್ತಿದರು. ಮೊದಲು ಮೆಲ್ಲಗೆ, ಆಮೇಲೆ ತುಸು ಗಟ್ಟಿಯಾಗಿ. ಮುಂದಿನದು ಮುಗಿಯಿತು. ನಿಂತರು. ಕಾಯ್ದರು. ಆಮೇಲೆ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದರು.

ನನಗೆ ಹಾಡು ಬರುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೂ ನಾನು ಬಾಯಿ ಮಾತ್ರ ಅಲ್ಲಾಡಿಸುವವಳು. ಬಸ್ಸಿನ ತುಂಬ ಜನ, ಎದುರಿಗೆ ಕಂಡಕ್ಟರು.

ಅತ್ತೆ ಮತ್ತೊಮ್ಮೆ ತಿವಿದರು.

ಹಿಂದಿನದನ್ನು ನಾನು ಹಾಡಿದೆ.